ನಿಂತ ನೀರಿನ ನಡೆ

ಪ್ರವೇಶ: ಕರ್ನಾಟಕದಲ್ಲಿ 36,000ಕ್ಕೂ ಮಿಕ್ಕಿ ಕೆರೆಗಳಿವೆ. ಬಯಲುಸೀಮೆಯ ಬಾಳು ಶತಮಾನಗಳಿಂದ ಅವುಗಳನ್ನು ಆಶ್ರಯಿಸಿ ಬೆಳೆದುಬಂದಿದೆ. ಕೆರೆಯ ಏರಿ, ತೂಬು, ಕೋಡಿಗಳನ್ನು ಬಲ್ಲವರು ಅನೇಕರು. ಕೆರೆಯ ಒಡಲೊಳಗೆ ನೀರು ಹೇಗೆ ಸಂಚರಿಸುತ್ತದೆ ಎಂಬುದನ್ನು ಬಲ್ಲವರು ವಿರಳ. ಉಷ್ಣವಲಯದ ಆಳವಿಲ್ಲದ ಕೆರೆಯ ದಿನಚರಿಯನ್ನೂ ವರ್ಷಚರಿತೆಯನ್ನೂ ಈ ಪಾಠ ಪರಿಚಯ ಮಾಡಿಕೊಡುತ್ತದೆ.

ಬೇಸಿಗೆ ಮುಗಿಯುತ್ತ ಬಂದಿರುತ್ತದೆ. ಕೆರೆಯ ಅಂಗಳದ ಬಹುಭಾಗ ಒಣಗಿ ಬಿರುಕುಬಿಟ್ಟಿರುತ್ತದೆ. ಏರಿಯ ಬುಡದಲ್ಲಿ ಮಾತ್ರ ಆಳುದ್ದ ನೀರು ಉಳಿದಿರುತ್ತದೆ. ದಿನಗಟ್ಟಲೆ ಗಾಳಿ ಬೀಸದೆ, ಎಲೆ ಅಲುಗದೆ, ಸೆಕೆ ಮುಸುಕಿರುತ್ತದೆ. ಒಂದು ಸಂಜೆ ಮೋಡ ಕವಿದು, ಬಿರುಗಾಳಿ ಎದ್ದು, ಗುಡುಗು ಸಿಡಿಲುಗಳೊಡನೆ ಭರಣಿಯ ಮಳೆ ಸುರಿಯುತ್ತದೆ. ಇಳೆ ತಂಪಾಯಿತೆಂದು ಊರಿನ ಜನ ನೆಮ್ಮದಿಯಿಂದ ಮಲಗುತ್ತಾರೆ. ಬೆಳಗಾಗೆದ್ದು ಕೆರೆಯ ಕಡೆಗೆ ಹೋದವರಿಗೆ ಬೇರೊಂದು ನೋಟ ಕಾದಿರುತ್ತದೆ. ನೂರಾರು ಮೀನುಗಳು ಬಿಳಿಯ ಹೊಟ್ಟೆಯನ್ನು ಮೇಲುಮಾಡಿಕೊಂಡು ತೇಲುತ್ತಿರುತ್ತವೆ. ಸಾಯದೆ ಉಳಿದವು ನೀರಿನ ಮೇಲಕ್ಕೆ ಬಾಯಿ ತಂದು, ಏದುಸಿರು ಬಿಡುವವರಂತೆ ಬಾಯಿಬಾಯಿ ಬಿಡುತ್ತಿರುತ್ತವೆ. ದಡದಲ್ಲೆಲ್ಲ ಕೊಳೆತ ಮೊಟ್ಟೆಯ ವಾಸನೆ.

ಇಂತಹ ಬೆಳಗು ನಮ್ಮ ನಾಡಿನ ಹಲವು ಊರುಗಳಿಗೆ ಹೊಸದಲ್ಲ. ಆಗ ಮೊದಲು ಏಳುವ ಮಾತು ಒಂದೇ: ‘ಯಾರೋ ಕೆರೆಗೆ ವಿಷ ಹಾಕಿದ್ದಾರೆ.’ ಮೀನು ಹಿಡಿಯುವ ಗುತ್ತಿಗೆ ತಪ್ಪಿದವನ ಮೇಲೆ ಒಬ್ಬರ ಸಂಶಯ. ಗದ್ದೆಗೆ ಔಷಧ ಸಿಂಪಡಿಸಿದವನ ಮೇಲೆ ಮತ್ತೊಬ್ಬರ ಸಂಶಯ. ನೆರೆಹೊರೆಯವರು ಒಬ್ಬರ ಮುಖ ಒಬ್ಬರು ನೋಡದಂತಾಗುತ್ತದೆ. ಕೆಲವೊಮ್ಮೆ ಆ ಸಂಶಯಕ್ಕೆ ಆಧಾರವಿರಲೂಬಹುದು. ಆದರೆ ಎಷ್ಟೋ ವೇಳೆ ವಿಷ ಹಾಕಿದ ಕೈ ಯಾವುದೂ ಇರುವುದಿಲ್ಲ. ಹಾಗಾದರೆ ಮೀನುಗಳನ್ನು ಕೊಂದವರು ಯಾರು? ತಂಪೆರೆದ ಮಳೆಯೆ? ಬೀಸಿದ ಗಾಳಿಯೆ? ಈ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಕೆರೆಯ ನೀರಿನ ನಡೆಯನ್ನು ಅರಿಯಬೇಕು.

ನೀರಿಗೆ ನಡೆಯೆ? ಅದೂ ಕೆರೆಯ ನೀರಿಗೆ? ಹೊಳೆಯ ನೀರು ಹರಿಯುತ್ತದೆ, ಕೆರೆಯ ನೀರು ನಿಲ್ಲುತ್ತದೆ ಎಂಬುದು ನಮ್ಮ ತಿಳಿವಳಿಕೆ. ‘ನಿಂತ ನೀರು’ ಎಂಬ ಮಾತು ನಮ್ಮಲ್ಲಿ ಜಡತನಕ್ಕೆ ಇನ್ನೊಂದು ಹೆಸರೇ ಆಗಿದೆ. ಆದರೆ ಕೆರೆಯ ನೀರು ನಿಂತಂತೆ ತೋರುವುದೇ ಹೊರತು ನಿಂತಿರುವುದಿಲ್ಲ. ಅದು ಹಗಲು ಪದರ ಪದರವಾಗಿ ಬೇರ್ಪಡುತ್ತದೆ, ಇರುಳು ಮತ್ತೆ ಒಂದಾಗುತ್ತದೆ. ಗಾಳಿಯೊಡನೆ ಏರಿಯತ್ತ ಸಾಗಿ, ತಳದ ಹಾದಿಯಿಂದ ಹಿಂದಿರುಗುತ್ತದೆ. ಈ ಚಲನೆಯೇ ಕೆರೆಯ ಉಸಿರಾಟ. ಅದು ನಡೆಯುವ ತನಕ ಕೆರೆ ಜೀವಂತ.

ಮೊದಲು ಬಿಸಿಲಿನ ಕೆಲಸವನ್ನು ನೋಡಬಹುದು. ಸೂರ್ಯನ ಶಾಖ ನೀರಿನ ತಳದವರೆಗೆ ಸಮನಾಗಿ ಇಳಿಯುವುದಿಲ್ಲ. ಅದರ ಬಹುಪಾಲು ಮೇಲಿನ ಒಂದು ಮೀಟರಿನಷ್ಟು ನೀರಿನಲ್ಲಿಯೇ ಹೀರಿಹೋಗುತ್ತದೆ. ನೀರು ಕೆಂಪುಮಣ್ಣಿನಿಂದ ಕದಡಿದ್ದರೆ ಅಥವಾ ಪಾಚಿಯಿಂದ ಹಸುರಾಗಿದ್ದರೆ ಶಾಖ ಇನ್ನೂ ಮೇಲೆಯೇ ನಿಂತುಬಿಡುತ್ತದೆ. ಬೇಸಿಗೆಯ ಮಧ್ಯಾಹ್ನ ಕೆರೆಗೆ ಇಳಿದು ಈಜಿದವರಿಗೆಲ್ಲ ಇದು ಅನುಭವದಿಂದ ತಿಳಿದ ಸಂಗತಿ. ಎದೆಯ ಮಟ್ಟದಲ್ಲಿ ನೀರು ಬೆಚ್ಚಗಿರುತ್ತದೆ. ಕಾಲು ಕೆಳಕ್ಕೆ ಚಾಚಿದೊಡನೆ ಪಾದಕ್ಕೆ ತಣ್ಣನೆಯ ನೀರು ತಗಲುತ್ತದೆ.

ಬೆಚ್ಚಗಿನ ನೀರು ಹಗುರ, ತಣ್ಣನೆಯ ನೀರು ಭಾರ. ಎಣ್ಣೆ ನೀರಿನ ಮೇಲೆ ತೇಲುವಂತೆ ಬೆಚ್ಚಗಿನ ನೀರು ತಣ್ಣನೆಯ ನೀರಿನ ಮೇಲೆ ತೇಲುತ್ತದೆ. ಕೆರೆಯ ಮೇಲಿನ ನೀರಿನ ಉಷ್ಣತೆ 30 ಡಿಗ್ರಿ ಸೆಂಟಿಗ್ರೇಡ್, ತಳದ ಉಷ್ಣತೆ 26 ಡಿಗ್ರಿ ಇದೆಯೆಂದು ಭಾವಿಸೋಣ. ಆಗ ಒಂದು ಲೀಟರು ನೀರಿನಲ್ಲಿ ಕಂಡುಬರುವ ತೂಕದ ಅಂತರ ಒಂದು ಗ್ರಾಮಿಗಿಂತ ತುಸು ಹೆಚ್ಚು, ಅಷ್ಟೆ. ಇಷ್ಟು ಅಲ್ಪವಾದ ಅಂತರವೇ ಎರಡು ಪದರಗಳು ಬೆರೆಯದಂತೆ ತಡೆಯಲು ಸಾಕಾಗುತ್ತದೆ. ತೆಳುವಾದ ಗಾಳಿ ಆ ತಡೆಯನ್ನು ಮುರಿಯಲಾರದು. ಮೇಲಿನ ನೀರು ಮೇಲೆಯೇ ಸುಳಿದಾಡುತ್ತದೆ. ಕೆಳಗಿನ ನೀರಿಗೆ ಹೊರಗಿನ ಗಾಳಿಯ ಸಂಪರ್ಕ ತಪ್ಪಿಹೋಗುತ್ತದೆ.

ಇಲ್ಲಿ ನೀರಿನ ಒಂದು ವಿಶೇಷ ಗುಣವನ್ನು ಗಮನಿಸಬೇಕು. ನೀರು ಅತ್ಯಂತ ಭಾರವಾಗಿರುವುದು 4 ಡಿಗ್ರಿ ಉಷ್ಣತೆಯಲ್ಲಿ. ಅಲ್ಲಿಂದ ಮೇಲಕ್ಕೆ ಬಿಸಿಯಾದಂತೆ ಅದು ಹಗುರವಾಗುತ್ತ ಹೋಗುತ್ತದೆ. ಆದರೆ ಈ ಹಗುರವಾಗುವಿಕೆ ಒಂದೇ ಸಮನಲ್ಲ. 4 ಡಿಗ್ರಿಯಿಂದ 5 ಡಿಗ್ರಿಗೆ ಏರಿದಾಗ ಒಂದು ಲೀಟರಿನ ತೂಕ ಒಂದು ಗ್ರಾಮಿನ ನೂರನೆಯ ಒಂದು ಭಾಗದಷ್ಟೂ ಇಳಿಯುವುದಿಲ್ಲ. 29 ಡಿಗ್ರಿಯಿಂದ 30 ಡಿಗ್ರಿಗೆ ಏರಿದಾಗ ಅದು ಗ್ರಾಮಿನ ಹತ್ತನೆಯ ಮೂರು ಭಾಗದಷ್ಟು ಇಳಿಯುತ್ತದೆ. ಎಂದರೆ ತಣ್ಣೀರಿನಲ್ಲಿ ಒಂದು ಡಿಗ್ರಿ ಮಾಡುವ ಕೆಲಸಕ್ಕಿಂತ ಬೆಚ್ಚಗಿನ ನೀರಿನಲ್ಲಿ ಒಂದು ಡಿಗ್ರಿ ಮಾಡುವ ಕೆಲಸ ಮೂವತ್ತು ಪಟ್ಟಿಗೂ ಹೆಚ್ಚು. ಆದುದರಿಂದಲೇ ನಮ್ಮ ಕೆರೆಗಳಲ್ಲಿ ಎರಡು ಮೂರು ಡಿಗ್ರಿಗಳ ವ್ಯತ್ಯಾಸದಿಂದಲೇ ಪದರಗಳು ಏರ್ಪಡುತ್ತವೆ. ಎರಡು ಮೂರು ಡಿಗ್ರಿ ತಣಿದರೆ ಅಷ್ಟೇ ಬೇಗ ಅಳಿಸಿಹೋಗುತ್ತವೆ.

ಶೀತವಲಯದ ಸರೋವರಗಳ ರೀತಿ ಬೇರೆ. ಚಳಿಗಾಲದಲ್ಲಿ ಹಿಮದ ಹೊದಿಕೆ ಹೊದ್ದು ಮಲಗುವ ಅಲ್ಲಿನ ಎಷ್ಟೋ ಸರೋವರಗಳಲ್ಲಿ ಮೇಲಿನ ನೀರೂ ತಳದ ನೀರೂ ಪೂರ್ಣವಾಗಿ ಬೆರೆಯುವುದು ವರ್ಷಕ್ಕೆ ಎರಡು ಬಾರಿ ಮಾತ್ರ, ವಸಂತದಲ್ಲಿ ಒಮ್ಮೆ, ಶರತ್ಕಾಲದಲ್ಲಿ ಒಮ್ಮೆ. ನಡುವಿನ ತಿಂಗಳುಗಳಲ್ಲೆಲ್ಲ ಅವು ಪದರಗಳಾಗಿಯೇ ಉಳಿಯುತ್ತವೆ. ಅವು ವರ್ಷಕ್ಕೆ ಎರಡು ಬಾರಿ ಮಾಡುವ ಕೆಲಸವನ್ನು ಉಷ್ಣವಲಯದ ಆಳವಿಲ್ಲದ ಕೆರೆ ವರ್ಷದ ಬಹುಪಾಲು ದಿನಗಳಲ್ಲಿ ಮಾಡುತ್ತದೆ.

ಅದು ನಡೆಯುವುದು ಇರುಳಿನಲ್ಲಿ. ಸೂರ್ಯ ಮುಳುಗಿದ ಮೇಲೆ ಬಯಲುಸೀಮೆಯ ಆಕಾಶ ನಿರ್ಮಲವಾಗಿದ್ದರೆ ನೀರು ತನ್ನ ಶಾಖವನ್ನು ಮೇಲಕ್ಕೆ ಬಿಟ್ಟುಕೊಡತೊಡಗುತ್ತದೆ. ಆವಿಯಾಗುವ ನೀರು ತನ್ನೊಡನೆ ಶಾಖವನ್ನು ಒಯ್ಯುತ್ತದೆ. ಮೇಲಿನ ನೀರು ತಣಿದು, ಭಾರವಾಗಿ, ಸಣ್ಣ ಸಣ್ಣ ಧಾರೆಗಳಾಗಿ ಕೆಳಕ್ಕೆ ಇಳಿಯುತ್ತದೆ. ಅದರ ಜಾಗಕ್ಕೆ ಕೆಳಗಿನ ನೀರು ಏರುತ್ತದೆ. ಕಣ್ಣಿಗೆ ಕಾಣದ ಈ ಏರಿಳಿತ ರಾತ್ರಿಯೆಲ್ಲ ನಡೆಯುತ್ತದೆ. ಕೋಳಿ ಕೂಗುವ ಹೊತ್ತಿಗೆ ಮೇಲಿನಿಂದ ತಳದವರೆಗೆ ನೀರಿನ ಉಷ್ಣತೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಹಗಲು ಬೇರ್ಪಟ್ಟಿದ್ದ ಕೆರೆ ಮತ್ತೆ ಒಂದಾಗಿರುತ್ತದೆ.

ಗಾಳಿಯದು ಇನ್ನೊಂದು ಬಗೆಯ ಕೆಲಸ. ಬೀಸುವ ಗಾಳಿ ನೀರಿನ ಮೈಯನ್ನು ಎಳೆದುಕೊಂಡು ಹೋಗುತ್ತದೆ. ಮೇಲ್ಮೈಯ ನೀರು ಗಾಳಿಯ ವೇಗದ ನೂರಕ್ಕೆ ಸುಮಾರು ಮೂರರಷ್ಟು ವೇಗದಲ್ಲಿ ಅದೇ ದಿಕ್ಕಿಗೆ ಸಾಗುತ್ತದೆ. ಸಾಗಿದ ನೀರು ಎದುರು ದಡದಲ್ಲಿ ತುಸು ಎತ್ತರವಾಗಿ ಶೇಖರವಾಗುತ್ತದೆ. ಅಲ್ಲಿ ಅದಕ್ಕೆ ಮುಂದೆ ಹೋಗಲು ದಾರಿಯಿಲ್ಲ. ಆಗ ಅದು ಕೆಳಕ್ಕೆ ಇಳಿದು ತಳದ ಹಾದಿಯಿಂದ ಹಿಂದಕ್ಕೆ ಬರುತ್ತದೆ. ಹೀಗೆ ಇಡೀ ಕೆರೆ ರಾಟೆಯ ಹಗ್ಗದಂತೆ ಮೇಲೊಂದು ಕಡೆಗೆ, ಕೆಳಗೊಂದು ಕಡೆಗೆ ಸುತ್ತತೊಡಗುತ್ತದೆ. ಗಾಳಿ ತಟ್ಟನೆ ನಿಂತರೆ ಶೇಖರವಾದ ನೀರು ಹಿಂದಕ್ಕೆ ವಾಲಿ, ತಟ್ಟೆಯಲ್ಲಿ ಒಯ್ಯುವ ನೀರಿನಂತೆ ಅತ್ತಿತ್ತ ತೂಗಾಡುತ್ತದೆ. ಸ್ವಿಟ್ಜರ್ಲೆಂಡಿನ ವಿಜ್ಞಾನಿ ಫ್ರಾನ್ಸ್ವಾ ಅಲ್ಫೋನ್ಸ್ ಫೋರೆಲ್ (1841–1912) ಜಿನೀವಾ ಸರೋವರದ ಇಂತಹ ತೂಗಾಟವನ್ನು ಬಹುಕಾಲ ಅಳೆದು ನೋಡಿದರು. ಸರೋವರಗಳ ಅಧ್ಯಯನವನ್ನು ಒಂದು ಶಾಸ್ತ್ರವಾಗಿ ಕಟ್ಟಿದವರೆಂಬ ಕೀರ್ತಿ ಅವರಿಗೆ ಸಲ್ಲುತ್ತದೆ.

ಗಾಳಿಯ ದಿನ ಕೆರೆಯ ಏರಿಯ ಮೇಲೆ ನಿಂತವರು ಇನ್ನೊಂದು ಸಂಗತಿಯನ್ನು ನೋಡಬಹುದು. ನೀರಿನ ಮೇಲಿನ ನೊರೆ, ತರಗೆಲೆ, ಪಾಚಿ ಎಲ್ಲವೂ ಗಾಳಿಯ ದಿಕ್ಕಿಗೆ ಸಮಾನಾಂತರವಾಗಿ, ಉತ್ತ ಹೊಲದ ಸಾಲುಗಳಂತೆ, ಗೆರೆಗೆರೆಯಾಗಿ ಕೂಡಿಕೊಂಡಿರುತ್ತವೆ. ಅಮೆರಿಕದ ವಿಜ್ಞಾನಿ ಅರ್ವಿಂಗ್ ಲಾಂಗ್ಮ್ಯೂರ್ 1927ರಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ ಹಡಗಿನಲ್ಲಿ ಹೋಗುತ್ತಿದ್ದಾಗ ಕಡಲಕಳೆಗಳು ಹೀಗೆಯೇ ಸಾಲುಗಟ್ಟಿರುವುದನ್ನು ಕಂಡರು. ಅನಂತರ ತಮ್ಮ ನಾಡಿನ ಒಂದು ಸರೋವರದಲ್ಲಿ ಪ್ರಯೋಗಗಳನ್ನು ನಡೆಸಿ 1938ರಲ್ಲಿ ಅದರ ಕಾರಣವನ್ನು ಪ್ರಕಟಿಸಿದರು. ಗಾಳಿಗೆ ಸಿಕ್ಕಿದ ನೀರು ಮುಂದಕ್ಕೆ ಸಾಗುತ್ತಲೇ ಹಗ್ಗ ಹೊಸೆದಂತೆ ಸುರುಳಿಸುರುಳಿಯಾಗಿ ಹೊರಳುತ್ತದೆ. ಎರಡು ಸುರುಳಿಗಳು ಕೂಡುವ ಕಡೆ ನೀರು ಕೆಳಕ್ಕೆ ಇಳಿಯುತ್ತದೆ. ತೇಲುವ ಕಸ ಇಳಿಯಲಾರದೆ ಅಲ್ಲಿಯೇ ಸಾಲಾಗಿ ಉಳಿಯುತ್ತದೆ. ಆ ನೊರೆಯ ಗೆರೆಯೆಂದರೆ ಮೇಲಿನ ನೀರು ಕೆಳಕ್ಕೆ ಇಳಿಯುವ ಬಾಗಿಲಿನ ಹೊಸ್ತಿಲು.

ಈ ಎಲ್ಲ ಸಂಚಾರದಿಂದ ಕೆರೆಗೆ ಆಗುವ ಪ್ರಯೋಜನವೇನು? ಪ್ರಾಣಿಗಳಿಗೆಲ್ಲ ಬೇಕಾದ ಆಮ್ಲಜನಕ ನೀರಿನಲ್ಲಿ ಬಹಳ ಕಡಿಮೆ. ಒಂದು ಲೀಟರು ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿರುತ್ತದೆ. ಸಮುದ್ರಮಟ್ಟದಲ್ಲಿ 20 ಡಿಗ್ರಿ ಉಷ್ಣತೆಯ ಒಂದು ಲೀಟರು ನೀರು ಗಾಳಿಯಿಂದ ಹೀರಿ ಇಟ್ಟುಕೊಳ್ಳಬಲ್ಲದ್ದು ಸುಮಾರು 9 ಮಿಲಿಗ್ರಾಂ. ನೀರು 30 ಡಿಗ್ರಿಗೆ ಕಾದರೆ ಅದೂ ಏಳೂವರೆಗೆ ಇಳಿಯುತ್ತದೆ. ಬಿಸಿಲು ಹೆಚ್ಚಿದಂತೆ ಮೀನಿನ ಹಸಿವೂ ಉಸಿರೂ ಹೆಚ್ಚುತ್ತವೆ. ನೀರಿನ ಕಣಜ ಮಾತ್ರ ಬರಿದಾಗುತ್ತ ಹೋಗುತ್ತದೆ. ಅಷ್ಟೇ ಅಲ್ಲ, ಅಲುಗಾಡದ ನೀರಿನೊಳಗೆ ಆಮ್ಲಜನಕ ತಾನಾಗಿ ಹರಡುವ ವೇಗ ಗಾಳಿಯಲ್ಲಿ ಹರಡುವ ವೇಗದ ಹತ್ತು ಸಾವಿರದಲ್ಲಿ ಒಂದು ಪಾಲು. ನೀರು ಕದಲದೆ ನಿಂತಿದ್ದೇ ಆದರೆ ಮೇಲಿನ ಆಮ್ಲಜನಕ ಎರಡು ಮೀಟರು ಕೆಳಕ್ಕೆ ತಲುಪುವುದಕ್ಕೆ ವರ್ಷಗಳೇ ಬೇಕಾದಾವು. ಅದನ್ನು ಒಂದು ಇರುಳಿನಲ್ಲಿ ತಲುಪಿಸುವುದು ನೀರಿನ ಈ ಏರಿಳಿತ.

ಕೆರೆಯಲ್ಲಿ ಆಮ್ಲಜನಕದ ಆದಾಯವೂ ವೆಚ್ಚವೂ ಪ್ರತಿದಿನ ನಡೆಯುತ್ತವೆ. ಹಗಲಿನಲ್ಲಿ ನೀರೊಳಗಿನ ಪಾಚಿ, ಸೂಕ್ಷ್ಮಸಸ್ಯಗಳು ಬಿಸಿಲಿನ ನೆರವಿನಿಂದ ಆಹಾರ ತಯಾರಿಸಿಕೊಳ್ಳುತ್ತ ಆಮ್ಲಜನಕವನ್ನು ಹೊರಬಿಡುತ್ತವೆ. ಇರುಳಿನಲ್ಲಿ ಆ ಸಸ್ಯಗಳೂ ಸೇರಿದಂತೆ ಎಲ್ಲ ಜೀವಿಗಳೂ ಅದನ್ನು ವೆಚ್ಚಮಾಡುತ್ತವೆ. ಆದುದರಿಂದ ನೀರಿನಲ್ಲಿ ಆಮ್ಲಜನಕ ಅತ್ಯಂತ ಕಡಿಮೆಯಿರುವುದು ಬೆಳಗಿನ ಜಾವದಲ್ಲಿ. ಎಲ್ಲಕ್ಕಿಂತ ದೊಡ್ಡ ವೆಚ್ಚ ಕೆಸರಿನದು. ತಳಕ್ಕೆ ಇಳಿದ ಎಲೆ, ಪಾಚಿ, ಸತ್ತ ಜೀವಿಗಳನ್ನು ಕೊಳೆಯಿಸುವ ಅಣುಜೀವಿಗಳು ಸುತ್ತಲಿನ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಅದು ಮುಗಿದ ಮೇಲೆ ಅದಿಲ್ಲದೆಯೇ ಬದುಕುವ ಬೇರೆ ಅಣುಜೀವಿಗಳು ಕೆಲಸಕ್ಕೆ ತೊಡಗುತ್ತವೆ. ಅವುಗಳಿಂದ ಜಲಜನಕದ ಸಲ್ಫೈಡ್, ಅಮೋನಿಯ ಮೊದಲಾದ ದ್ರವ್ಯಗಳು ಹುಟ್ಟುತ್ತವೆ. ಕೊಳೆತ ಮೊಟ್ಟೆಯ ವಾಸನೆ ಜಲಜನಕದ ಸಲ್ಫೈಡಿನದು. ಇದನ್ನು ತಳದ ಸಾಲವೆನ್ನಬಹುದು. ಹಗಲು ತಳದಲ್ಲಿ ಬೆಳೆದ ಸಣ್ಣ ಸಾಲವನ್ನು ಕೆರೆ ಇರುಳಿನ ಬೆರಕೆಯಲ್ಲಿ ತೀರಿಸುತ್ತದೆ. ಬೆರಕೆಯಿಂದ ಮತ್ತೊಂದು ಲಾಭವೂ ಉಂಟು. ತಳದಲ್ಲಿ ಸೇರಿದ ಸಾರಜನಕ, ರಂಜಕಗಳ ಲವಣಗಳು ಮೇಲಕ್ಕೆ ಬಂದು ಸೂಕ್ಷ್ಮಸಸ್ಯಗಳಿಗೆ ಗೊಬ್ಬರವಾಗುತ್ತವೆ. ಸಸ್ಯವನ್ನು ತಿಂದು ಸಣ್ಣ ಜೀವಿ, ಅದನ್ನು ತಿಂದು ಮೀನು ಬೆಳೆಯುತ್ತವೆ.

ದಿನಚರಿಯಂತೆಯೇ ಕೆರೆಗೆ ವರ್ಷಚರಿತೆಯೂ ಇದೆ. ಮುಂಗಾರು ಬಲವಾಗಿ ಆಷಾಢದ ಗಾಳಿ ಬೀಸತೊಡಗಿದಾಗ ಕೆರೆಯ ನೀರು ಹಗಲಿರುಳೂ ಕಲಕುತ್ತಿರುತ್ತದೆ. ಮೋಡದ ಮರೆಯಲ್ಲಿ ಬಿಸಿಲಿಗೆ ಬಲವಿಲ್ಲ; ಪದರಗಳು ಏರ್ಪಡುವುದೇ ಅಪರೂಪ. ಹಳ್ಳಗಳಿಂದ ಬರುವ ಹೊಸ ನೀರು ತಂಪಾಗಿಯೂ ಮಣ್ಣಿನಿಂದ ಭಾರವಾಗಿಯೂ ಇರುವುದರಿಂದ ಅದು ಎಷ್ಟೋ ಸಲ ಮೇಲೆ ಹರಡದೆ, ಮುಳುಗಿಹೋದ ಹಳೆಯ ಹಳ್ಳದ ಪಾತ್ರವನ್ನೇ ಹಿಡಿದು ತಳದಲ್ಲಿ ಹರಿಯುತ್ತದೆ. ಸ್ವಾತಿಯ ಮಳೆ ಮುಗಿಯುವ ಹೊತ್ತಿಗೆ ಕೆರೆ ತುಂಬಿರುತ್ತದೆ, ಮಣ್ಣು ತಳಕ್ಕಿಳಿದು ನೀರು ತಿಳಿಯಾಗಿರುತ್ತದೆ. ಆಳ ಹೆಚ್ಚಾಗಿರುವುದರಿಂದ ಆಗಿನ ಶಾಂತ ದಿನಗಳಲ್ಲಿ ಪದರಗಳು ಕೆಲವು ಕಾಲ ನಿಲ್ಲಬಹುದು. ಮಾಗಿಯ ಚಳಿ ಬಂದೊಡನೆ ಅವು ಕರಗುತ್ತವೆ. ದೀರ್ಘವಾದ ಇರುಳು, ಒಣಗಾಳಿ, ನಿರ್ಮಲವಾದ ಆಕಾಶ, ಇವು ಮೂರೂ ಸೇರಿ ನೀರನ್ನು ತಳದವರೆಗೆ ತಣಿಸುತ್ತವೆ. ಶಿವರಾತ್ರಿ ಕಳೆದು ಬಿಸಿಲೇರಿದಂತೆ ಕಷ್ಟದ ಕಾಲ ಮೊದಲಾಗುತ್ತದೆ. ನೀರು ಕಡಿಮೆ, ಶಾಖ ಹೆಚ್ಚು, ಗಾಳಿ ವಿರಳ, ಇರುಳೂ ಬೆಚ್ಚಗೆ. ಆಗ ಇರುಳಿನ ಬೆರಕೆ ಅರ್ಧಕ್ಕೇ ನಿಲ್ಲುವುದುಂಟು.

ಈ ಬಗೆಯ ನೀರಿನ ನಡೆಯನ್ನು ವಿಜ್ಞಾನಿಗಳು ಹಲವೆಡೆ ಅಳೆದು ನೋಡಿದ್ದಾರೆ. ನಮ್ಮ ಕೆರೆಗಳ ಒಡಹುಟ್ಟೆನ್ನಬಹುದಾದ ಪರಾಕ್ರಮ ಸಮುದ್ರ ಶ್ರೀಲಂಕೆಯ ಪೊಲೊನ್ನರುವ ನಗರದ ಬಳಿ ಇದೆ. 1153ರಿಂದ 1186ರವರೆಗೆ ಆಳಿದ ಪರಾಕ್ರಮಬಾಹು ದೊರೆ ಅದನ್ನು ಬೆಳೆಸಿ ಕಟ್ಟಿಸಿದ. ಹೆಸರು ಸಮುದ್ರವಾದರೂ ಅದು ಹರವು ಹೆಚ್ಚು, ಆಳ ಕಡಿಮೆ ಇರುವ ಕೆರೆ. ಆಸ್ಟ್ರಿಯ ಹಾಗೂ ಶ್ರೀಲಂಕೆಯ ವಿಜ್ಞಾನಿಗಳು ಸುಮಾರು 1980ರ ಆಸುಪಾಸಿನಲ್ಲಿ ಅದನ್ನು ಕೂಡಿ ಅಧ್ಯಯನ ಮಾಡಿದರು. ಹಗಲು ಪದರಗಟ್ಟುವುದು, ಗಾಳಿಗೂ ಇರುಳಿನ ತಂಪಿಗೂ ಮತ್ತೆ ಬೆರೆಯುವುದು ಅಲ್ಲಿಯೂ ಕಂಡುಬಂದಿತು. ಆಫ್ರಿಕದ ಉಗಾಂಡದಲ್ಲಿ, ಭೂಮಧ್ಯರೇಖೆಯ ಮೇಲೆಯೇ ಎನ್ನುವಷ್ಟು ಸಮೀಪದಲ್ಲಿ, ಜಾರ್ಜ್ ಸರೋವರವಿದೆ. ಅದರ ವಿಸ್ತಾರ ಸುಮಾರು 250 ಚದರ ಕಿಲೋಮೀಟರು. ಸರಾಸರಿ ಆಳ ಎರಡೂವರೆ ಮೀಟರಿನಷ್ಟು ಮಾತ್ರ. ಅದೂ ಹಗಲು ಪದರಗಟ್ಟಿ ಇರುಳು ಬೆರೆಯುವ ಸರೋವರ. ಬಿರುಗಾಳಿಯೊಂದು ಅದರ ತಳದ ಕೆಸರನ್ನು ಕಲಕಿದಾಗ ಮೀನುಗಳು ರಾಶಿರಾಶಿಯಾಗಿ ಸತ್ತುದನ್ನು ಅಲ್ಲಿ ಅಧ್ಯಯನ ನಡೆಸಿದವರು ದಾಖಲೆ ಮಾಡಿದ್ದಾರೆ.

ಈಗ ಮೊದಲಿನ ಪ್ರಶ್ನೆಗೆ ಹಿಂದಿರುಗಬಹುದು. ಬೇಸಿಗೆಯ ಆ ಗಾಳಿಯಿಲ್ಲದ ದಿನಗಳಲ್ಲಿ ಕೆರೆಯ ತಳಕ್ಕೆ ಆಮ್ಲಜನಕ ತಲುಪಲಿಲ್ಲ. ಕೆಸರಿನ ಸಾಲ ದಿನದಿನಕ್ಕೂ ಬೆಳೆಯಿತು. ಮೀನುಗಳು ಮೇಲಿನ ತೆಳುವಾದ ಪದರದಲ್ಲಿ ಹೇಗೋ ಬದುಕಿದ್ದವು. ಬಿರುಗಾಳಿಯೂ ತಣ್ಣನೆಯ ಮಳೆಯೂ ಒಮ್ಮೆಲೇ ಬಂದು ಪದರವನ್ನು ಒಡೆದವು. ತಳದ ನೀರೂ ಕೆಸರೂ ಮೇಲೆದ್ದವು. ಕಲಕಿ ಎದ್ದ ಕೊಳಕು ಇದ್ದಬದ್ದ ಆಮ್ಲಜನಕವನ್ನೆಲ್ಲ ಕೆಲವೇ ಗಂಟೆಗಳಲ್ಲಿ ಕುಡಿದುಬಿಟ್ಟಿತು. ಮೊದಲ ಮಳೆಯ ನೀರು ಬೀದಿ ಚರಂಡಿಗಳ ಹೊಲಸನ್ನೂ ಹೊತ್ತು ತಂದು ಸೇರಿಸಿತು. ಹಲವು ದಿನಗಳ ಸಾಲವನ್ನು ಒಂದೇ ರಾತ್ರಿಯಲ್ಲಿ ಬಡ್ಡಿಸಹಿತ ವಸೂಲು ಮಾಡಿದಂತಾಯಿತು. ಬೆಳಗಿನ ಜಾವಕ್ಕೆ ಮೀನಿಗೆ ಉಸಿರಾಡಲು ಏನೂ ಉಳಿಯಲಿಲ್ಲ. ಗುತ್ತಿಗೆ ತಪ್ಪಿದವನಾಗಲಿ ನೆರೆಯ ರೈತನಾಗಲಿ ಅದಕ್ಕೆ ಕಾರಣನಲ್ಲ.

ಹಾಗೆಂದು ಮನುಷ್ಯನದು ಏನೂ ತಪ್ಪಿಲ್ಲವೆಂದು ತಿಳಿಯಬಾರದು. ಗಾಳಿ ಹೊಸದಲ್ಲ, ಮಳೆಯೂ ಹೊಸದಲ್ಲ. ತಳದಲ್ಲಿ ಸಾಲ ಸ್ವಲ್ಪವೇ ಇದ್ದ ಕೆರೆ ಎಂತಹ ಬಿರುಗಾಳಿಯನ್ನೂ ತಾಳಿಕೊಳ್ಳುತ್ತದೆ. ಆ ಸಾಲ ಮಿತಿಮೀರಿ ಬೆಳೆದುದು ನಮ್ಮಿಂದ. ಮನೆಗಳ ಬಚ್ಚಲ ನೀರು, ಊರಿನ ಕೊಳಚೆ, ಹೊಲದಿಂದ ಕೊಚ್ಚಿಬಂದ ಗೊಬ್ಬರ ಎಲ್ಲವೂ ಕೆರೆಗೇ ಸೇರಿದಾಗ ಪಾಚಿ ಹುಲುಸಾಗಿ ಬೆಳೆಯುತ್ತದೆ, ಹುಲುಸಾಗಿ ಸಾಯುತ್ತದೆ, ಸತ್ತು ತಳ ಸೇರುತ್ತದೆ. ಜಲಕಳೆ ನೀರಿನ ಮೇಲೆ ಚಾಪೆಯಂತೆ ಹಾಸಿಕೊಂಡರೆ ಗಾಳಿಗೆ ನೀರಿನ ಮೈ ಸಿಗುವುದೇ ಇಲ್ಲ. 2016ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಕೊಳಚೆ ಸೇರಿದ ನೀರಿನಲ್ಲಿ ಆಮ್ಲಜನಕ ಕುಸಿದುದೇ ಅದಕ್ಕೆ ಮುಖ್ಯ ಕಾರಣವೆಂದು ತಿಳಿದವರು ಹೇಳಿದರು. ಈಗ ನಗರಗಳ ಕೆಲವು ಕೆರೆಗಳಲ್ಲಿ ಯಂತ್ರಗಳನ್ನೂ ಕಾರಂಜಿಗಳನ್ನೂ ಇಟ್ಟು ನೀರಿಗೆ ಗಾಳಿ ಬೆರೆಸುವುದುಂಟು. ಗಾಳಿ ಮತ್ತು ಇರುಳು ಹಣವಿಲ್ಲದೆ ಮಾಡುತ್ತಿದ್ದ ಕೆಲಸವನ್ನು ವಿದ್ಯುತ್ತಿನಿಂದ ಮಾಡಿಸಬೇಕಾಗಿ ಬಂದಿದೆ.

ನಮ್ಮ ಹಿರಿಯರ ಪದ್ಧತಿಗಳನ್ನು ಈ ಬೆಳಕಿನಲ್ಲಿ ನೋಡಿದರೆ ಒಂದು ಸೋಜಿಗ ಕಾಣುತ್ತದೆ. ಬೇಸಿಗೆಯಲ್ಲಿ ಕೆರೆಯ ಹೂಳನ್ನು ಗಾಡಿಗಳಲ್ಲಿ ತುಂಬಿ ಹೊಲಗಳಿಗೆ ಹೊಡೆಯುವ ರೂಢಿ ನಮ್ಮಲ್ಲಿತ್ತು. ಮೀನಿಗೆ ವಿಷವಾಗಬಹುದಾಗಿದ್ದ ಕೆಸರು ರಾಗಿಗೆ ಗೊಬ್ಬರವಾಗುತ್ತಿತ್ತು. ಕೆರೆಯ ಆಳವೂ ಉಳಿಯುತ್ತಿತ್ತು. ತೂಬಿನ ಕಂಡಿ ಏರಿಯ ಬುಡದಲ್ಲಿರುವುದರಿಂದ ಗದ್ದೆಗೆ ಹರಿಯುತ್ತಿದ್ದುದು ಬಹುಮಟ್ಟಿಗೆ ತಳದ ನೀರು. ಉಸಿರುಗಟ್ಟಿದ ಆ ನೀರು ಹೊರಗೆ ಹೋದಷ್ಟೂ ಮೇಲಿನ ನೀರಿಗೆ ಕೆಳಗಿಳಿಯಲು ಎಡೆಯಾಗುತ್ತಿತ್ತು. ಆಮ್ಲಜನಕದ ಲೆಕ್ಕವನ್ನು ಅರಿತೇ ಅವರು ಇದನ್ನೆಲ್ಲ ಮಾಡಿದರೆಂದು ಹೇಳಲಾಗದು. ಗದ್ದೆಗೆ ನೀರು ಬೇಕಿತ್ತು, ಹೊಲಕ್ಕೆ ಗೊಬ್ಬರ ಬೇಕಿತ್ತು. ಆ ಕೆಲಸದಲ್ಲಿ ಕೆರೆಯ ಸಾಲವೂ ತೀರುತ್ತಿತ್ತು. ಹೂಳೆತ್ತುವುದು ನಿಂತು, ಗದ್ದೆಯ ಜಾಗದಲ್ಲಿ ಮನೆಗಳೆದ್ದು, ತೂಬು ಮುಚ್ಚಿಹೋದ ಕೆರೆಗಳಲ್ಲಿ ಒಳಗೆ ಬರುವುದಕ್ಕೆ ಮಾತ್ರ ದಾರಿಯುಂಟು. ತಳದಲ್ಲಿ ಕೂಡಿದ್ದಕ್ಕೆ ಹೊರಗೆ ಹೋಗುವ ದಾರಿಯಿಲ್ಲ.

ಕೆರೆಯನ್ನು ಉಳಿಸುವುದೆಂದರೆ ಏರಿಯನ್ನು ಭದ್ರಪಡಿಸಿ ನೀರು ತುಂಬಿಸುವುದಷ್ಟೇ ಅಲ್ಲ. ತುಂಬಿದ ನೀರು ದಿನವೂ ಬೆರೆಯುವಂತೆ, ಬೆರೆತಾಗ ಅದರಿಂದ ಕೇಡಾಗದಂತೆ ನೋಡಿಕೊಳ್ಳುವುದೂ ಆಗಿದೆ. ಕೊಳಚೆಯನ್ನು ಹೊರಗೆಯೇ ತಡೆಯುವುದು, ಕಳೆಯನ್ನು ತೆಗೆಯುವುದು, ಹೂಳನ್ನು ಎತ್ತುವುದು, ತೂಬನ್ನು ತೆರೆದಿಡುವುದು, ಇವು ಮನುಷ್ಯನ ಪಾಲಿನ ಕೆಲಸಗಳು. ಉಳಿದುದನ್ನು ಬಿಸಿಲು, ಗಾಳಿ, ಇರುಳಿನ ತಂಪುಗಳು ತಾವಾಗಿ ಮಾಡುತ್ತವೆ. ಸಂಜೆ ಕೆರೆಯ ಏರಿಯ ಮೇಲೆ ಕುಳಿತವರಿಗೆ ನೀರು ಕನ್ನಡಿಯಂತೆ ನಿಶ್ಚಲವಾಗಿ ತೋರುತ್ತದೆ. ಆ ಹೊತ್ತಿಗೆ ಮೇಲಿನ ನೀರು ತಣಿಯತೊಡಗಿರುತ್ತದೆ. ತನ್ನೊಡನೆ ಹಗಲಿನ ಗಳಿಕೆಯನ್ನು ಹೊತ್ತು, ಕತ್ತಲಲ್ಲಿರುವ ತಳದ ಕಡೆಗೆ ಇಳಿಯತೊಡಗಿರುತ್ತದೆ.

ಪದಕೋಶ

ಅಂಗಳ – (ಇಲ್ಲಿ) ಕೆರೆಯ ನೀರು ನಿಲ್ಲುವ ಪ್ರದೇಶ
ಅಣುಜೀವಿ – ಬರಿಗಣ್ಣಿಗೆ ಕಾಣದ ಸೂಕ್ಷ್ಮ ಜೀವಿ
ಕಣಜ – ಧಾನ್ಯ ಸಂಗ್ರಹಿಸುವ ಗುಡಾಣ; ಭಂಡಾರ
ಕೋಡಿ – ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಸ್ಥಳ
ತೂಬು – ಕೆರೆಯಿಂದ ಗದ್ದೆಗೆ ನೀರು ಬಿಡುವ ಕಂಡಿ
ಪಾತ್ರ – (ಇಲ್ಲಿ) ಹಳ್ಳ ಅಥವಾ ಹೊಳೆ ಹರಿಯುವ ಜಾಡು
ಭರಣಿ, ಸ್ವಾತಿ – ಮಳೆಯ ನಕ್ಷತ್ರಗಳ ಹೆಸರುಗಳು
ಮಾಗಿ – ಚಳಿಗಾಲ
ಹರವು – ವಿಸ್ತಾರ
ಹೂಳು – ನೀರಿನ ತಳದಲ್ಲಿ ಶೇಖರವಾದ ಮಣ್ಣು, ಕೆಸರು

ಅಭ್ಯಾಸ

ಅ. ಈ ಪ್ರಶ್ನೆಗಳಿಗೆ ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ನೀರು ಯಾವ ಉಷ್ಣತೆಯಲ್ಲಿ ಅತ್ಯಂತ ಭಾರವಾಗಿರುತ್ತದೆ?
2. ಕೆರೆಯ ನೀರಿನಲ್ಲಿ ಆಮ್ಲಜನಕ ಅತ್ಯಂತ ಕಡಿಮೆಯಿರುವುದು ಯಾವ ಹೊತ್ತಿನಲ್ಲಿ?
3. ಪರಾಕ್ರಮ ಸಮುದ್ರ ಯಾವ ನಗರದ ಬಳಿ ಇದೆ?

ಆ. ಈ ಪ್ರಶ್ನೆಗಳಿಗೆ ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಹಗಲಿನಲ್ಲಿ ಕೆರೆಯ ನೀರು ಪದರಗಳಾಗಿ ಬೇರ್ಪಡಲು ಕಾರಣವೇನು?
2. ಗಾಳಿ ಬೀಸಿದಾಗ ಕೆರೆಯ ನೀರು ಸಂಚರಿಸುವ ರೀತಿಯನ್ನು ವಿವರಿಸಿರಿ.
3. ಮೊದಲ ಮಳೆಯ ಮರುದಿನ ಮೀನುಗಳು ಸಾಯುವುದೇಕೆ? ಅದರಲ್ಲಿ ಮನುಷ್ಯನ ಪಾಲೇನು?

ಇ. ಸಂದರ್ಭದೊಡನೆ ವಿವರಿಸಿರಿ.
1. ‘ಯಾರೋ ಕೆರೆಗೆ ವಿಷ ಹಾಕಿದ್ದಾರೆ.’
2. ‘ಮೀನಿಗೆ ವಿಷವಾಗಬಹುದಾಗಿದ್ದ ಕೆಸರು ರಾಗಿಗೆ ಗೊಬ್ಬರವಾಗುತ್ತಿತ್ತು.’

ಈ. ಮಾಡಿ ನೋಡಿರಿ.
ಗಾಜಿನ ಪಾತ್ರೆಯೊಂದರಲ್ಲಿ ಅರ್ಧದವರೆಗೆ ತಣ್ಣೀರು ತುಂಬಿರಿ. ಬಣ್ಣ ಕಲಸಿದ ಬಿಸಿನೀರನ್ನು ಚಮಚದ ಬೆನ್ನಿನ ಮೇಲಿಂದ ಮೆಲ್ಲನೆ ಅದರ ಮೇಲೆ ಸುರಿಯಿರಿ. ಪದರ ಎಷ್ಟು ಹೊತ್ತು ನಿಲ್ಲುತ್ತದೆ, ಊದಿದರೆ ಏನಾಗುತ್ತದೆ ಎಂಬುದನ್ನು ಗಮನಿಸಿ ಬರೆಯಿರಿ.